ಹೊನ್ನೂರಪ್ಪನ ಕೂಗು

ನಮ್ಮೂರಿನಲ್ಲಿ ಒಬ್ಬರಿಗೆ ಒಂದೇ ಕೂಗು. ಬಯಲಿನಲ್ಲೋ ಗುಡ್ಡದಲ್ಲೋ ಒಂದು ಪ್ರಾಣಿ ಕಷ್ಟದಲ್ಲಿದೆ ಎಂದು ಕಂಡರೆ ಕೆರೆದಂಡೆಯ ಬಂಡೆ ಹತ್ತಿ, ಆಚೆ ದಡಕ್ಕೆ ಮುಖ ಮಾಡಿ ‘ಬರ್ರೀ’ ಎಂದು ಕೂಗಬೇಕು. ಆಚೆಯವರು ದೋಣಿ ತರುತ್ತಾರೆ. ಇಬ್ಬರು ಇಳಿಯುತ್ತಾರೆ, ಯಾರನ್ನೂ ಏನೂ ಕೇಳುವುದಿಲ್ಲ, ನೀವು ಕೈ ತೋರಿಸಿದ ಪ್ರಾಣಿಯನ್ನು ಜೊಂಡಿನ ಬುಟ್ಟಿಯಲ್ಲಿ ಮಲಗಿಸಿಕೊಂಡು ಹೊರಟುಬಿಡುತ್ತಾರೆ. ಹನ್ನೆರಡನೇ ದಿನ ಅದೇ ಬುಟ್ಟಿಯಲ್ಲಿ ಅದೇ ಪ್ರಾಣಿ ಗಟ್ಟಿಮುಟ್ಟಾಗಿ ವಾಪಸು ಬರುತ್ತದೆ. ಇವತ್ತಿನವರೆಗೆ ಒಂದೂ ಸತ್ತಿದ್ದಿಲ್ಲ. ಆದರೆ ಎರಡನೇ ಸಲ ನೀವು ಗಂಟಲು ಹರಿದುಕೊಂಡರೂ ಅದು ಈಚೆ ದಡದವರಿಗಷ್ಟೇ ಕೇಳುತ್ತದೆ.

ಹೀಗಾಗಿ ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳುವ ಮೊದಲು ಕೂಗು ಇದೆಯೇ ಎಂದು ಕೇಳುತ್ತಾರೆ. ಕೂಗು ಇಟ್ಟುಕೊಂಡವರೆಂದರೆ ದುಡುಕದವರು, ತೂಕದವರು ಎಂದು ಲೆಕ್ಕ. ಕಳೆದುಕೊಂಡವರಿಗೆ ‘ಖಾಲಿ’ ಎನ್ನುತ್ತಾರೆ. ಮಕ್ಕಳು ಬಂಡೆಯ ಹತ್ತಿರ ಆಡಲು ಹೋದರೆ ತಾಯಂದಿರು ಬೆನ್ನಿಗೊಂದು ಗುದ್ದಿ ಎಳೆದು ತರುತ್ತಾರೆ. ಕೂಗನ್ನು ಹಾಗೇ ಇಟ್ಟುಕೊಂಡು ಸತ್ತವರೂ ಬೇಕಾದಷ್ಟು ಜನ ಇದ್ದಾರೆ. ಅಂಥವರ ಮಣ್ಣಿಗೆ ಹೆಚ್ಚು ಜನ ಸೇರುತ್ತಾರೆ. ಯಾಕೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ಖಾಲಿ. ಒಂಬತ್ತನೇ ವಯಸ್ಸಿಗೇ ಖಾಲಿ. ಬಯಲಿನ ಹುಲ್ಲಿನಲ್ಲಿ ಒಂದು ಚಿಗರಿ ಮರಿ ಒಂಟಿಯಾಗಿ ಮಲಗಿತ್ತು. ಕಿವಿ ಬೆನ್ನಿಗಂಟಿಸಿಕೊಂಡು, ಉಸಿರಾಡುತ್ತದೋ ಇಲ್ಲವೋ ಎಂಬಂತೆ ಬಿದ್ದುಕೊಂಡಿತ್ತು. ತಾಯಿ ಕಾಣಲಿಲ್ಲ. ನಾನು ಅದರ ತಲೆಯ ಹತ್ತಿರವೇ ನಿಂತು ಎಷ್ಟೋ ಹೊತ್ತು ಕಾದೆ, ಬರಲಿಲ್ಲ. ಹೇಗೆ ಬಂದೀತು, ನಾನು ಅಲ್ಲಿ ಕಂಬದ ಹಾಗೆ ನಿಂತಿರುವಾಗ? ಅದು ಆಗ ಗೊತ್ತಿರಲಿಲ್ಲ. ಓಡಿಹೋಗಿ ಬಂಡೆ ಹತ್ತಿ ಕೂಗಿದೆ. ದೋಣಿ ಬಂತು, ಬುಟ್ಟಿ ಬಂತು, ಮರಿ ಹೋಯಿತು. ಸಂಜೆ ತಾಯಿ ಬಂತು. ಮೂರು ದಿನ ಅದು ನಮ್ಮ ಬೇಲಿಯುದ್ದಕ್ಕೂ ಮೂಸುತ್ತ ಓಡಾಡಿತು. ನಾಲ್ಕನೇ ದಿನ ಕಾಣಲಿಲ್ಲ. ಹನ್ನೆರಡನೇ ದಿನ ಮರಿ ವಾಪಸು ಬಂದಾಗ ಅದಕ್ಕೆ ಹಿಂಡಿನ ದಾರಿ ಮರೆತುಹೋಗಿತ್ತು. ಊರ ಹಿತ್ತಲುಗಳಲ್ಲಿ ಮೆಂತ್ಯ ಮೇಯುತ್ತ, ನಾಯಿಗಳಿಂದ ಅಟ್ಟಿಸಿಕೊಳ್ಳುತ್ತ ಎರಡು ವರ್ಷ ಬದುಕಿತು. ಅಂದಿನಿಂದ ನಾನು ಚಿಗರಿ ದಾಕ್ಷವ್ವ. ನನ್ನ ಹೆಸರು ದಾಕ್ಷಾಯಣಿ ಎಂದು ನನ್ನ ರೇಷನ್ ಕಾರ್ಡಿಗೆ ಮಾತ್ರ ಗೊತ್ತು.

ಊರಿಗೆ ಒಂದು ರೂಢಿ ಇದೆ. ಕೂಗನ್ನು ಹಾಳುಮಾಡಿಕೊಂಡವರೇ ಉಳಿದವರಿಗೆ ಕಾದು ನೋಡಿಕೊಡಬೇಕು. ಹಾಗಾಗಿ ಕೌದಿ ಹೊಲಿಯುವುದು ನನ್ನ ಕಸುಬಾದರೂ, ಮೂವತ್ತು ವರ್ಷದಿಂದ ಜನ ಬಾಗಿಲು ಬಡಿಯುವುದು ಕೌದಿಗಲ್ಲ. ‘ದಾಕ್ಷವ್ವ, ನಮ್ಮ ಕಣಗಲೆ ಗಿಡದ ಬುಡದಾಗ ಒಂದು ಹಕ್ಕಿಮರಿ ಬಿದ್ದೈತಿ, ಕೂಗ್ಲಿ ಏನು?’ ನಾನು ಹೋಗುತ್ತೇನೆ. ಒಂದು ಟವೆಲ್ಲು ಒದ್ದೆ ಮಾಡಿ, ಹಿಂಡಿ, ಹತ್ತಿರದ ಗಿಡಕ್ಕೆ ಹಾಕುತ್ತೇನೆ. ಅದು ಒಣಗುವವರೆಗೆ ಎಲ್ಲರೂ ದೂರ ಹೋಗಿ ಕೂರಬೇಕು, ಮುಟ್ಟಬಾರದು, ಹಾಲು ಗೀಲು ಕುಡಿಸಬಾರದು. ನೂರರಲ್ಲಿ ತೊಂಬತ್ತು ಸಲ ಟವೆಲ್ಲು ಒಣಗುವುದರೊಳಗೆ ತಾಯಿಹಕ್ಕಿ ಬಾಯಲ್ಲಿ ಹುಳು ಹಿಡಿದು ಬಂದಿರುತ್ತದೆ, ಹಾರಲು ಕಲಿಯುತ್ತಿದ್ದ ಮರಿ ಹಾರಿಹೋಗಿರುತ್ತದೆ. ಒಮ್ಮೆ ಹೆಬ್ಬಾವೊಂದು ಅಲ್ಲಾಡುತ್ತಿಲ್ಲ ಎಂದು ದರ್ಜಿಯೊಬ್ಬ ಬಂಡೆಯ ಅರ್ಧದವರೆಗೆ ಹತ್ತಿದ್ದ. ಅದು ಉಂಡು ಮಲಗಿತ್ತು, ಅಷ್ಟೇ. ಆದರೆ ರಕ್ತ ಕಂಡರೆ, ನೊಣ ಮುತ್ತಿದ್ದರೆ, ಕಾಲು ರೆಕ್ಕೆ ಜೋತಾಡುತ್ತಿದ್ದರೆ, ನಾಯಿ ಬೆಕ್ಕು ಬಾಯಿ ಹಾಕಿದ್ದರೆ, ಸನಿಹದಲ್ಲಿ ತಾಯಿ ಸತ್ತು ಬಿದ್ದಿದ್ದರೆ, ಅಡಗಿ ಮಲಗಬೇಕಾದ ಮರಿ ಎದ್ದು ಬಿಡದೆ ಅರಚುತ್ತಿದ್ದರೆ ಟವೆಲ್ಲಿನ ಮಾತೇ ಇಲ್ಲ, ಓಡಿಹೋಗಿ ಕೂಗಬೇಕು. ಇದನ್ನು ನಾನು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೋ. ನೆನಪಿಟ್ಟುಕೊಳ್ಳಿ, ಇದನ್ನು ಹೇಳಿಕೊಡುತ್ತಿದ್ದವಳು ನಾನೇ.

ತಮಾಷೆ ಎಂದರೆ, ಕೂತಲ್ಲಿ ಕೂರುವ ಹೆಂಗಸೇ ಅಲ್ಲ ನಾನು. ಕಾಯುವಾಗ ಕಾಲು ಅಲ್ಲಾಡಿಸುತ್ತೇನೆ, ಹುಲ್ಲು ಕೀಳುತ್ತೇನೆ, ಸೆರಗಿನ ದಾರ ಎಳೆದು ಎಳೆದು ಸೀರೆ ಹಾಳುಮಾಡುತ್ತೇನೆ. ಸಿಟ್ಟು ಬಂದರೆ ನನ್ನ ದನಿ ಮೂರು ಓಣಿ ದಾಟುತ್ತದೆ. ‘ಇಷ್ಟು ಗಂಟಲು ಕೊಟ್ಟು ಕೂಗು ಕಸ್ಕೊಂಡ ನೋಡು ದೇವ್ರು’ ಎಂದು ನಮ್ಮವ್ವ ಸಾಯುವವರೆಗೂ ಹೇಳುತ್ತಿದ್ದಳು.

ಹೊನ್ನೂರಪ್ಪ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಅವನು ನಮ್ಮೂರ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವನು. ಮೈಕಿಲ್ಲ, ಏನಿಲ್ಲ. ಎರಡು ಕೈ ಬಾಯಿಗಿಟ್ಟು ಅವನು ಮೇಲ್ಸೀಮೆಯ ಬಸ್ಸನ್ನು ಕರೆದರೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವರು ಚೀಲ ಎತ್ತಿಕೊಳ್ಳುತ್ತಿದ್ದರು. ವಯಸ್ಸು ಅರವತ್ತೆಂಟು. ಅವನ ನಿಜವಾದ ಕೂಗು ಇನ್ನೂ ಹಾಗೇ ಇದೆ ಎಂಬುದು ಊರಿಗೆಲ್ಲ ಗೊತ್ತಿತ್ತು, ಯಾಕೆಂದರೆ ದಿನಕ್ಕೆ ಎರಡು ಸಲ ಅವನೇ ಹೇಳಿಕೊಳ್ಳುತ್ತಿದ್ದ. ಆವತ್ತು ಮಾತ್ರ ಅವನು ಬಾಗಿಲಲ್ಲಿ ನಿಂತು ಗಂಟಲು ಹಿಡಿದುಕೊಂಡಿದ್ದ. ದನಿ ಒಡೆದ ಕೊಳಲಿನ ಹಾಗೆ ಬರುತ್ತಿತ್ತು.

“ಗಂಟಲಾಗ ಗಡ್ಡಿ ಐತಂತ ದಾಕ್ಷವ್ವ. ಗುರುವಾರ ಮುಂಜಾನಿ ಬಸ್ಸಿಗೆ ಹೋಗ್ಬೇಕು. ಶುಕ್ರವಾರ ಕೊಯ್ದು ತೆಗೀತಾರ. ಜೀವ ಉಳೀತೈತಿ, ದನಿ ಉಳಿಯಂಗಿಲ್ಲ ಅಂದ ಡಾಕ್ಟ್ರು.”

ನಾನು ಸೂಜಿ ಕೆಳಗಿಟ್ಟೆ. ನೀರು ಬಿಸಿಮಾಡಿ ಕೊಟ್ಟೆ. ಅವನು ಕುಡಿಯುತ್ತ, ನೆಲ ನೋಡುತ್ತ, “ನನ್ ಕೂಗು ಐತಲ್ಲ, ಅದನ್ನ ಕೂಗಿ ಹೋಗ್ಬೇಕು. ಇನ್ನೂ ಮೂರು ದಿನ ಐತಿ. ಒಂದು ಪ್ರಾಣಿ ಹುಡುಕಿಕೊಡು” ಎಂದ.

“ಪ್ರಾಣಿ ಏನು ಸಂತ್ಯಾಗ ಸಿಗೋ ಸೊಪ್ಪೇನು ಹೊನ್ನೂರಣ್ಣ? ಕಷ್ಟ ಬಂದಿರೋ ಪ್ರಾಣಿ ಬೇಕು ಅಂತ ಹುಡುಕ್ಕೊಂಡು ಹೋಗೋದು ಎಲ್ಲಿಗೆ?”

“ಅದು ನಂಗೂ ಗೊತ್ತೈತಿ. ಆದ್ರೂ ನಡಿ.”

ಅವನ ಕಣ್ಣಲ್ಲಿ ನೀರಿತ್ತು. ಹೋದೆ. ಅವನ ಮಗಳು ಹುಲಿಗೆವ್ವ ಹಿಂದಿನಿಂದ, “ಅಪ್ಪ, ಮಾತಾಡಬ್ಯಾಡ ಅಂದಾರ, ದನಿ ಉಳಿಸ್ಕೊ!” ಎಂದು ಕೂಗುತ್ತಲೇ ಇದ್ದಳು.

ಎರಡು ದಿನ ನಾವಿಬ್ಬರೂ ಅಲೆದದ್ದನ್ನು ಯಾರಾದರೂ ನೋಡಿದ್ದರೆ ಬುದ್ಧಿ ಕೆಟ್ಟಿದೆ ಎನ್ನುತ್ತಿದ್ದರು. ಕಾಲುವೆ ಏರಿ, ಕಲ್ಲುಕ್ವಾರಿ, ಜಾಲಿಗಿಡಗಳ ಸಂದಿ, ಒಂದನ್ನೂ ಬಿಡಲಿಲ್ಲ. ಪ್ರತಿ ಪೊದೆ ಸರಿಸುವಾಗಲೂ ಅಲ್ಲೊಂದು ನರಳುವ ಜೀವ ಇರಲಿ ಎಂದು ಅವನು ಆಸೆಪಡುತ್ತಿದ್ದ, ಇರದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಎರಡನೇ ದಿನ ಮಧ್ಯಾಹ್ನ ನಮ್ಮ ಮುಂದೆಯೇ ಒಂದು ಟಿಟ್ಟಿಭ ಹಕ್ಕಿ ರೆಕ್ಕೆ ಎಳೆದುಕೊಂಡು ನೆಲದ ಮೇಲೆ ಹೊರಳಾಡತೊಡಗಿತು. ಹೊನ್ನೂರಪ್ಪನ ಮುಖ ಅರಳಿತು. “ರೆಕ್ಕಿ ಮುರದೈತಿ! ನೋಡು, ಮುರದೈತಿ!” ಎನ್ನುತ್ತ ಪಂಚೆ ಎತ್ತಿಕಟ್ಟಿ ಬಂಡೆಯ ಕಡೆ ಓಡಿಯೇಬಿಟ್ಟ. ನಾನು ಹಿಂದೆ ಓಡಿ ಅಂಗಿ ಹಿಡಿದು ಎಳೆದೆ.

“ಏನೂ ಮುರಿದಿಲ್ಲ, ನಾಟಕ ಮಾಡ್ತೈತಿ ಅದು. ಇಲ್ಲೇ ಎಲ್ಲೋ ಮೊಟ್ಟಿ ಇಟ್ಟೈತಿ. ನಾವು ಆ ಕಡೆ ಹೋಗ್ಬಾರದು ಅಂತ ನಮ್ಮನ್ನ ತನ್ನ ಹಿಂದ ಕರ್ಕೊಂಡು ಹೊಂಟೈತಿ.”

ಹತ್ತು ಹೆಜ್ಜೆ ಹಿಂದೆ ಸರಿದದ್ದೇ ತಡ, ಹಕ್ಕಿ ಎದ್ದು ಮೈಕೊಡವಿ ನಮ್ಮನ್ನು ಬಯ್ಯುತ್ತ ಹಾರಿತು. ನಾನು ನಕ್ಕೆ. ಹೊನ್ನೂರಪ್ಪ ನಗಲಿಲ್ಲ. ಒಂದು ಕಲ್ಲಿನ ಮೇಲೆ ಕುಳಿತು, “ಅಷ್ಟು ಕುಣ್ಕೊಂಡು ಹೋಗಿ ಕೂಗಿಬಿಡ್ತಿದ್ನಲ್ಲ” ಎಂದ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಮರಿ ಕಂಡಿತು.

ಬಯಲಿನಲ್ಲಿ, ಮೊಣಕಾಲೆತ್ತರದ ಹುಲ್ಲಿನಲ್ಲಿ, ಕಿವಿ ಬೆನ್ನಿಗಂಟಿಸಿಕೊಂಡು ಮಲಗಿತ್ತು. ಚಿಗರಿ ಮರಿ. ನಾನು ಅಲ್ಲೇ ನಿಂತುಬಿಟ್ಟೆ. ನಲವತ್ತೊಂಬತ್ತು ವರ್ಷದ ಹಿಂದಿನದೇ ಎದ್ದು ಬಂದು ಮಲಗಿದೆಯೇನೋ ಎನ್ನಿಸಿತು. ಹೊನ್ನೂರಪ್ಪ ನನ್ನ ಮುಖ ನೋಡಿದ.

“ನೀ ಏನಂತೀ?” ಎಂದ ಮೆಲ್ಲಗೆ.

“ಕಾಯ್ಬೇಕು.” ಟವೆಲ್ಲು ನನ್ನ ಹೆಗಲ ಮೇಲೇ ಇತ್ತು. ತಂಬಿಗೆ ನೀರು ಸುರಿದು, ಹಿಂಡಿ, ಏರಿಯ ಕಡೆಯ ಜಾಲಿಗಿಡಕ್ಕೆ ಹಾಕಿದೆ. ಅವನನ್ನು ಎಳೆದುಕೊಂಡು ದೂರ ಏರಿಯ ಹಿಂದೆ ಹೋಗಿ ಕುಳಿತೆ. ಮರಿಗೆ ನಾವು ಕಾಣಬಾರದು, ನಮಗೆ ಮರಿ ಕಂಡೂ ಕಾಣದಂತಿರಬೇಕು.

ಆವತ್ತು ಸೂರ್ಯನೇ ಹುಟ್ಟಿದಂತಿರಲಿಲ್ಲ. ಮೋಡ ತಲೆಯ ಮೇಲೇ ಕವುಚಿತ್ತು, ಗಾಳಿ ಇತ್ತು ಆದರೆ ಹಸಿಗಾಳಿ. ಒಂಬತ್ತಕ್ಕೆ ಹೋಗಿ ಟವೆಲ್ಲು ಮುಟ್ಟಿದೆ, ಹಸಿ. ಹತ್ತಕ್ಕೆ ಮುಟ್ಟಿದೆ, ಹಸಿ. ಹತ್ತೂವರೆಗೆ ಮರಿ ಎದ್ದು ನಿಂತಿತು. ನಾಲ್ಕು ಹೆಜ್ಜೆ ಹಾಕಿ ‘ಮ್ಯಾಂ’ ಎಂದಿತು. ಮತ್ತೆ ಮಲಗಿತು.

“ಕೂಗ್ತೈತಿ” ಎಂದ ಹೊನ್ನೂರಪ್ಪ.

“ಹಸಿವಾಗಿರ್ತೈತಿ. ತಾಯಿ ಬರ್ತಾಳ.”

ಹನ್ನೊಂದಕ್ಕೆ ಅದು ಮತ್ತೆ ಎದ್ದಿತು. ಈ ಸಲ ಸುತ್ತು ಹಾಕುತ್ತ ಅರಚಿತು. ಮಲಗಲಿಲ್ಲ. ಅರಚಿದ್ದೇ ಅರಚಿದ್ದು. ನನ್ನ ಕಿವಿಗೆ ಅದು ಬೀಳುತ್ತಿತ್ತು, ಬೀಳುತ್ತಿಲ್ಲ ಎಂದು ಹೇಗೆ ಹೇಳಲಿ? ಅಡಗಿದ ಮರಿ ಅರಚಬಾರದು. ಅದೂ ಗೊತ್ತಿತ್ತು. ಆದರೆ ನನ್ನ ತಲೆಯೊಳಗೆ ಬೇಲಿಯುದ್ದಕ್ಕೂ ಮೂಸುತ್ತ ಓಡಾಡಿದ ಆ ತಾಯಿ ಬಿಟ್ಟರೆ ಬೇರೇನೂ ಇರಲಿಲ್ಲ. ಎದ್ದುಹೋಗಿ ಟವೆಲ್ಲು ಮುಟ್ಟಿ ಬಂದೆ. “ಒಣಗಿಲ್ಲ” ಎಂದೆ.

“ಈ ಮೋಡದಾಗ ಅದು ಎಲ್ಲಿ ಒಣಗ್ತೈತಿ ದಾಕ್ಷವ್ವ?”

“ಒಣಗೋ ಮಟ ಕಾಯೋದೇ ರೂಢಿ.”

“ಮರಿ ಒದರಿದ್ರ ಕಾಯಬ್ಯಾಡ್ರಿ ಅಂತ ನೀನೇ ನಮ್ಮ ಹುಲಿಗಿಗೆ ಹೇಳಿದ್ದಿ.”

“ನಿಂಗ ಮರಿ ಮ್ಯಾಲ ಕರುಣೆ ಇಲ್ಲ ಹೊನ್ನೂರಣ್ಣ. ನಿನ್ ಕೂಗಿನ ಮ್ಯಾಲ ಆಸೆ. ನಾಳೆ ಬಸ್ಸು ಹತ್ತೋದ್ರಾಗ ಹ್ಯಾಂಗಾರ ಮುಗಿಸ್ಬೇಕು, ಅಷ್ಟ.”

ಬಾಯಿಗೆ ಬಂದಂತೆ ಆಡಿಬಿಟ್ಟೆ. ಅವನು ಮುಖ ಸಣ್ಣದು ಮಾಡಿಕೊಂಡ. ಆಮೇಲೆ, ಮಾತಾಡಬೇಡ ಎಂದು ಡಾಕ್ಟರು ಹೇಳಿದ್ದ ಆ ಗಂಟಲಿನಿಂದ, ಎಲ್ಲಿಯೂ ಹೇಳದ ಒಂದು ವಿಷಯ ಹೇಳಿದ. ಇಪ್ಪತ್ತು ವರ್ಷದ ಹಿಂದೆ ಬೆಳಗಿನ ಬಸ್ಸಿಗೆ ಹೋಗುತ್ತಿದ್ದಾಗ ರಸ್ತೆಯ ಪಕ್ಕ ಒಂದು ತೋಳ ಬಿದ್ದಿತ್ತಂತೆ. ಹೆಣ್ಣು ತೋಳ. ಕಾಲಿಗೆ ತಂತಿ ಬಿಗಿದು ಮೂಳೆ ಕಾಣುತ್ತಿತ್ತು. ಬಂಡೆ ಎದುರಿಗೇ ಇತ್ತು. ‘ಇನ್ನೂ ದೊಡ್ಡದಕ್ಕೆ ಇರಲಿ, ಯಾರಾದರೂ ಕೂಗುತ್ತಾರೆ’ ಎಂದುಕೊಂಡು ಇವನು ಬಸ್ ನಿಲ್ದಾಣಕ್ಕೆ ಹೋದ. ಇಡೀ ದಿನ ಊರುಗಳ ಹೆಸರು ಕೂಗಿದ. ಸಂಜೆ ಬಂದಾಗ ತೋಳ ಸತ್ತಿತ್ತು. ಅದು ತೆವಳಿಕೊಂಡು ಬಂಡೆಯ ಬುಡದವರೆಗೆ ಬಂದು ಸತ್ತಿತ್ತು.

“ಅವತ್ತಿಂದ ಕೂಗು ಐತಿ ಕೂಗು ಐತಿ ಅಂತ ಊರತುಂಬ ಹೇಳ್ಕೊಂಡು ತಿರಗ್ತೀನಿ. ಅದನ್ನ ಇಟ್ಕೊಂಡು ಸಾಯಾಕ ನಂಗ ಆಗಂಗಿಲ್ಲ. ನೀ ಅಂದಿದ್ದು ಖರೇ. ಆಸೆ ಐತಿ. ಆದ್ರ ಆ ಮರಿ ಒದರೋದೂ ಖರೇನ ಐತಲ್ಲ?”

ನನಗೆ ಕುಳಿತಿರಲು ಆಗಲಿಲ್ಲ. ಕುಡಿಯಲು ನೀರು ತರುತ್ತೇನೆ ಎಂದು ತಂಬಿಗೆ ಎತ್ತಿಕೊಂಡು ಕಾಲುವೆಯ ಕಡೆ ಹೊರಟೆ. ಹೊರಟದ್ದು ನೀರಿಗಲ್ಲ, ಆ ಅರಚಾಟದಿಂದ ತಪ್ಪಿಸಿಕೊಳ್ಳಲಿಕ್ಕೆ. ಹೋದವಳು ಬೇಗ ಬರಲೂ ಇಲ್ಲ. ಕಾಲುವೆ ಏರಿಯ ಮೇಲೆ ಅತ್ತಿಂದಿತ್ತ, ಇತ್ತಿಂದತ್ತ ನಡೆದೆ. ಎರಡು ಸಲ ತಂಬಿಗೆ ತುಂಬಿಸಿ ಚೆಲ್ಲಿದೆ. ಮೂರನೇ ಸಲ ತುಂಬಿಸಲು ತೂಬಿನ ಹತ್ತಿರ ಇಳಿದಾಗ ಕಾಗೆಗಳು ಎದ್ದವು.

ತೂಬಿನ ಕೆಳಗೆ ಕಲ್ಲುಗಳ ಮಧ್ಯೆ ಹೆಣ್ಣು ಚಿಗರಿ ಬಿದ್ದಿತ್ತು. ನಾಯಿಗಳು ಅಟ್ಟಿದ್ದವೋ, ಹಾರುವಾಗ ಕಾಲು ಜಾರಿತ್ತೋ, ಕತ್ತು ಹಿಂದಕ್ಕೆ ಮಡಿಚಿಕೊಂಡಿತ್ತು. ಸತ್ತು ಒಂದು ದಿನವಾದರೂ ಆಗಿರಬೇಕು. ಕೆಚ್ಚಲು ತುಂಬಿತ್ತು.

ತಂಬಿಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿದೆ. ಈ ವಯಸ್ಸಿಗೆ ಅಷ್ಟು ಓಡಿದ್ದು ಅದೇ ಮೊದಲು, ಅದೇ ಕೊನೆ. ದಾರಿಯಲ್ಲಿ ಜಾಲಿಗಿಡ ಸಿಕ್ಕಿತು, ಟವೆಲ್ಲು ಇನ್ನೂ ಹಸಿಯಾಗಿ ನೇತಾಡುತ್ತಿತ್ತು. ನನ್ನ ಮೇಲೆ ನನಗೆ ಎಷ್ಟು ಹೇಸಿಗೆಯಾಯಿತೆಂದರೆ ಅದನ್ನು ಕಿತ್ತು ಎಸೆಯಲೂ ಕೈ ಬರಲಿಲ್ಲ. ಏರಿಯ ಮೇಲೆ ನಿಂತು, “ಹೊನ್ನೂರಣ್ಣಾ, ಕೂಗು! ತಾಯಿ ಸತ್ತಾಳ, ಕೂಗು!” ಎಂದೆ.

ಮರಿ ಅರಚುವುದನ್ನು ನಿಲ್ಲಿಸಿತ್ತು. ಪಕ್ಕಕ್ಕೆ ಒರಗಿತ್ತು, ಕಣ್ಣಿನ ಮೂಲೆಯಲ್ಲಿ ನೊಣ ಕೂತಿದ್ದವು. ಹೊನ್ನೂರಪ್ಪ ಅದನ್ನೊಮ್ಮೆ ನೋಡಿ, ನನ್ನನ್ನು ಒಂದು ಮಾತೂ ಅನ್ನದೆ ಬಂಡೆಯ ಕಡೆ ನಡೆದ. ಅರ್ಧ ಮೈಲಿ ದೂರ. ನಾನು ಅವನ ತೋಳು ಹಿಡಿದು ಎಳೆದೆನೋ, ಅವನೇ ನನ್ನನ್ನು ಎಳೆದನೋ. ಬಂಡೆಯ ಹತ್ತಿರ ಚಹಾದಂಗಡಿಯ ಬಸಲಿಂಗ, ಬಟ್ಟೆ ಒಗೆಯಲು ಬಂದ ನಾಲ್ಕಾರು ಹೆಂಗಸರು, ಅಪ್ಪನನ್ನು ಹುಡುಕಿಕೊಂಡು ಬಂದಿದ್ದ ಹುಲಿಗೆವ್ವ ಎಲ್ಲರೂ ಇದ್ದರು. ಹೊನ್ನೂರಪ್ಪ ಹತ್ತುತ್ತಿರುವುದನ್ನು ಕಂಡು ಎಲ್ಲರೂ ಎದ್ದು ನಿಂತರು. ಐವತ್ತು ವರ್ಷದಿಂದ ಊರಿಗೆ ಕೇಳಿಸುತ್ತಿದ್ದ ದನಿ ಇವತ್ತು ಆಚೆ ದಡಕ್ಕೆ ಕೂಗುತ್ತದೆ ಎಂದರೆ ಯಾರು ತಾನೇ ಕೂತಿರುತ್ತಾರೆ?

ಅವನು ಎರಡು ಕೈ ಬಾಯಿಗಿಟ್ಟ. ಎದೆ ಉಬ್ಬಿಸಿದ. ಬಂದದ್ದು ಬರೀ ಗಾಳಿ.

ಮತ್ತೆ ಪ್ರಯತ್ನಿಸಿದ. ಕೆಳಗೆ ನಿಂತ ನನಗೇ ಕೇಳಲಿಲ್ಲ. ಮೂರನೇ ಸಲಕ್ಕೆ ಕೆಮ್ಮು ಬಂದು ಬಗ್ಗಿ ನಿಂತ. ಬೆಳಿಗ್ಗೆ ಎಂಟಕ್ಕೆ ಅವನಲ್ಲಿ ಇದ್ದಷ್ಟು ದನಿ ಸಾಕಾಗುತ್ತಿತ್ತು. ಅದನ್ನು ಏರಿಯ ಹಿಂದೆ ಕೂರಿಸಿ, ವಾದ ಮಾಡಿಸಿ, ತೋಳದ ಕತೆ ಹೇಳಿಸಿ ಮುಗಿಸಿದವಳು ನಾನು. ಕೆರೆ ಹಾಗೇ ಮಲಗಿತ್ತು. ಆಚೆ ದಡದಲ್ಲಿ ಏನೂ ಅಲುಗಲಿಲ್ಲ.

“ಆಚೆ ದಡಕ್ಕ ಮುಟ್ಟಿಲ್ಲ” ಎಂದಳು ಹುಲಿಗೆವ್ವ ಅಳುತ್ತ. “ಕೂಗು ಇನ್ನೂ ಅಪ್ಪನ ಹತ್ರಾನೇ ಐತಿ. ದನೀನ ಇಲ್ಲ.”

ನಾನು ಬಸಲಿಂಗನ ಕಡೆ ನೋಡಿದೆ. ಅವನ ಕೂಗು ಇನ್ನೂ ಇತ್ತು. ಅವನು ಕೆಟಲ್ಲಿನ ಒಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡತೊಡಗಿದ. ಬಟ್ಟೆ ಒಗೆಯುವ ಹೆಂಗಸರಲ್ಲಿ ಒಬ್ಬಳು, “ನನ್ ಮಗಳ ಮಾತುಕತಿ ನಡದೈತಿ, ಮನ್ಯಾಗ ಖಾಲಿ ಆದ್ರ ಏನಂತಾರ” ಎಂದಳು. ಬಯ್ಯಲು ನನಗೆ ಬಾಯಿ ಎಲ್ಲಿತ್ತು? ಹುಲಿಗೆವ್ವ ತನ್ನ ಕೂಗನ್ನು ಯಾವುದೋ ಗೂಬೆಗೆ ಎಂದೋ ಕೊಟ್ಟಿದ್ದಳು. ಒಂದು ಲೋಟದಲ್ಲಿ ಹಾಲು ತುಂಬಿಕೊಂಡು ಮರಿಯ ಕಡೆ ಹೊರಟಳು. “ಹಾಲು ಬ್ಯಾಡ, ಇನ್ನೂ ಬೇಗ ಸಾಯ್ತೈತಿ. ಹೋಗಿ ದೂರ ನಿಂತು ನಾಯಿ ಬರದಂಗ ಕಾಯಿ, ಅಷ್ಟ ಸಾಕು” ಎಂದೆ. ಅಷ್ಟು ಹೇಳಲು ಮಾತ್ರ ನನ್ನಲ್ಲಿ ಯೋಗ್ಯತೆ ಉಳಿದಿತ್ತು.

ಹೊನ್ನೂರಪ್ಪ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಿದ್ದ. ತನ್ನ ಗಂಟಲನ್ನು ತಾನೇ ಹೊಡೆದುಕೊಳ್ಳುತ್ತಿದ್ದ. ನನಗೆ ತಡೆಯಲಾಗಲಿಲ್ಲ, ಮೇಲೆ ಹತ್ತಿದೆ. ಒಂಬತ್ತನೇ ವಯಸ್ಸಿನ ನಂತರ ನಾನು ಆ ಬಂಡೆ ಹತ್ತಿದ್ದಿಲ್ಲ. ಅವನ ಎರಡೂ ಕೈ ಹಿಡಿದು, “ತಪ್ಪಾತು ಹೊನ್ನೂರಣ್ಣ. ನಂದೇ ತಪ್ಪು” ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಎದ್ದು ನಿಂತ. ನನ್ನ ಹೆಗಲು ಹಿಡಿದು ಕೆರೆಯ ಕಡೆ ತಿರುಗಿಸಿದ. ಕಿವಿಯ ಹತ್ತಿರ ಬಾಯಿ ತಂದು, ಉಸಿರಿನಲ್ಲಿ ಹೇಳಿದ.

“ನೀ ಸಣ್ಣಾಕಿ ಇದ್ದಾಗ ಕೂಗಿದ್ದು ನಾ ಕೇಳೀನಿ. ಬಸ್ ಸ್ಟ್ಯಾಂಡಿನ ಮಟ ಬಂದಿತ್ತು. ಕೂಗು ನಂದು, ದನಿ ನಿಂದು. ಕೂಗು.”

“ನಾ ಖಾಲಿ, ಹೊನ್ನೂರಣ್ಣ. ಮುಟ್ಟಂಗಿಲ್ಲ.”

ಅವನು ನನ್ನ ಬೆನ್ನ ಮೇಲೆ ಅಂಗೈ ಊರಿದ. ಬಿಸಿಯಾದ ಕೈ. ಒಮ್ಮೆ ತಟ್ಟಿದ, ಬಸ್ ನಿಲ್ದಾಣದಲ್ಲಿ ಬಸ್ಸಿನ ತಗಡು ತಟ್ಟಿ ಹೊರಡಿಸುತ್ತಾನಲ್ಲ, ಹಾಗೆ.

ನಾನು ಕೂಗಿದೆ. ಎಲ್ಲಿಂದ ಬಂತೋ ಆ ದನಿ. ಮರಿಗಾಗಿ ಕೂಗಿದೆ, ಬೇಲಿ ಮೂಸಿದ ತಾಯಿಗಾಗಿ ಕೂಗಿದೆ, ಬಂಡೆಯ ಬುಡಕ್ಕೆ ತೆವಳಿ ಬಂದು ಸತ್ತ ಆ ತೋಳಕ್ಕಾಗಿಯೂ ಕೂಗಿದೆ. ಕೂಗಿದ ಮಾತು ಮಾತ್ರ ಒಂದೇ, ‘ಬರ್ರೀ’. ಕೆರೆಯ ಮೇಲಿನ ಬೆಳ್ಳಕ್ಕಿಗಳೆಲ್ಲ ಎದ್ದವು. ಕೆಳಗೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ನಕ್ಕರೆ ನಗಲಿ ಎಂದುಕೊಂಡೆ. ಬೆನ್ನಿನ ಮೇಲಿನ ಕೈ ತೆಗೆಯಲಿಲ್ಲ ಅವನು.

ನಿಂತೆವು. ಎಷ್ಟು ಹೊತ್ತೋ ತಿಳಿಯದು, ಒಂದು ಟವೆಲ್ಲು ಇದ್ದಿದ್ದರೆ ಅಳೆಯಬಹುದಿತ್ತು. ಮೊದಲು ಕಂಡದ್ದು ಬಸಲಿಂಗನಿಗೆ. “ಜೊಂಡು ಅಲ್ಲಾಡ್ತೈತಿ!” ಎಂದು ಕೆಟಲ್ಲು ಬಿಟ್ಟು ಓಡಿ ಬಂದ. ಆಚೆ ದಡದ ಜೊಂಡಿನ ನಡುವಿನಿಂದ ದೋಣಿಯ ಮೂತಿ ಹೊರಬಂತು. ಇಬ್ಬರು ಕುಳಿತಿದ್ದರು, ಮಧ್ಯದಲ್ಲಿ ಬುಟ್ಟಿ. ಹೊನ್ನೂರಪ್ಪ ನನ್ನ ಬೆನ್ನಿಗೆ ಹಣೆ ಹಚ್ಚಿ ಅಳತೊಡಗಿದ. ಅವನ ಅಳುವಿಗೂ ಸದ್ದಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಅವನು ಹೋದ. ಆವತ್ತು ಆ ಬಸ್ಸಿನ ಹೆಸರನ್ನು ಯಾರೂ ಕೂಗಲಿಲ್ಲ, ಅದು ಅರ್ಧ ಖಾಲಿ ಹೋಯಿತು.

ಹನ್ನೆರಡನೇ ದಿನ ದೋಣಿ ಬಂದಾಗ ನಾನೊಬ್ಬಳೇ ಹೋಗಿದ್ದೆ. ಈ ಸಲ ನಾನು ಮರಿಯನ್ನು ಮುಟ್ಟಲಿಲ್ಲ, ಹತ್ತಿರವೂ ಸುಳಿಯಲಿಲ್ಲ. ಹಿಂಡು ಬಯಲಿನ ಯಾವ ಮೂಲೆಯಲ್ಲಿ ಮೇಯುತ್ತಿದೆ ಎಂದು ಮೂರು ದಿನದಿಂದ ನೋಡಿಟ್ಟಿದ್ದೆ. ಬುಟ್ಟಿಯನ್ನು ಅಲ್ಲಿ ಇಳಿಸಿ ಎಂದು ಕೈಸನ್ನೆ ಮಾಡಿದೆ. ಆಚೆಯವರು ಮೊದಲ ಸಲ ನನ್ನ ಕಡೆ ತಿರುಗಿ ನೋಡಿದರು, ತಲೆಯಾಡಿಸಿದರು. ಮರಿ ಇಳಿದು ಸ್ವಲ್ಪ ಹೊತ್ತು ನಿಂತಿತು. ಒಂದು ಹೆಣ್ಣು ಚಿಗರಿ ತಲೆಯೆತ್ತಿತು. ಅದು ಒಪ್ಪಿತೋ, ಒದ್ದಿತೋ, ಏರಿಯ ಹಿಂದಿನಿಂದ ನನಗೆ ಸರಿಯಾಗಿ ಕಾಣಲಿಲ್ಲ. ಸಂಜೆ ಹಿಂಡಿನಲ್ಲಿ ಸಣ್ಣವು ಎಷ್ಟಿವೆ ಎಂದು ಎಣಿಸಿದೆ. ಒಂದು ಹೆಚ್ಚಿತ್ತು. ಮಾರನೆಯ ಸಂಜೆಯೂ ಎಣಿಸಿದೆ. ಈಗಲೂ ಆಗಾಗ ಹೋಗಿ ಎಣಿಸುತ್ತೇನೆ.

ಊರಿನವರ ವಾದ ಮಾತ್ರ ಮುಗಿದಿಲ್ಲ. ಮುಟ್ಟಿದ್ದು ಹೊನ್ನೂರಪ್ಪನ ಕೂಗೇ ಎಂದು ಕೆಲವರು, ನನ್ನ ಮೊದಲನೆಯದು ಲೆಕ್ಕಕ್ಕೇ ಬಂದಿರಲಿಲ್ಲ ಎಂದು ಕೆಲವರು. ಹೋದ ವಾರ ಹುಟ್ಟು ಮೂಗಿಯಾದ ಹೆಂಗಸೊಬ್ಬಳು ರೆಕ್ಕೆ ಮುರಿದ ಹದ್ದಿಗಾಗಿ ಖಾಲಿಯಾಗಿದ್ದ ತನ್ನ ತಮ್ಮನನ್ನು ಮುಂದೆ ನಿಲ್ಲಿಸಿಕೊಂಡು ಬೆನ್ನಿಗೆ ಕೈ ಇಟ್ಟಳು, ದೋಣಿ ಬಂತು. ಜನ ಈಗಲೂ ಬಾಗಿಲು ಬಡಿಯುತ್ತಾರೆ, ನಾನು ಈಗಲೂ ಟವೆಲ್ಲು ಹಿಡಿದುಕೊಂಡು ಹೋಗುತ್ತೇನೆ. ಆದರೆ ಮೊದಲು ಮರಿಯನ್ನು ನೋಡುತ್ತೇನೆ, ಮರಿಯ ಸುತ್ತಮುತ್ತ ಅರ್ಧ ಮೈಲಿ ನಡೆದು ನೋಡುತ್ತೇನೆ, ಆಮೇಲೆ ಟವೆಲ್ಲು ನೋಡುತ್ತೇನೆ.

ಬೆಳಿಗ್ಗೆ ಮಾತ್ರ ನನ್ನನ್ನು ಮನೆಯಲ್ಲಿ ಹುಡುಕಬೇಡಿ. ಹೊನ್ನೂರಪ್ಪ ಗಂಟಲಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಬಸ್ ನಿಲ್ದಾಣದ ಕಟ್ಟೆಯ ಮೇಲೆ ನಿಂತಿರುತ್ತಾನೆ. ನಾನು ಅವನ ಮುಂದೆ. ಯಾವ ಬಸ್ಸು ಎಲ್ಲಿಗೆ ಎಂದು ನನಗೆ ಇನ್ನೂ ಸರಿಯಾಗಿ ಗೊತ್ತಾಗುವುದಿಲ್ಲ, ಅದಕ್ಕೆ ಅವನ ಹತ್ತಿರ ಒಂದು ಸ್ಲೇಟು ಇದೆ. ಹೆಸರು ಬರೆದು ತೋರಿಸುತ್ತಾನೆ, ಬೆನ್ನಿಗೆ ಒಮ್ಮೆ ತಟ್ಟುತ್ತಾನೆ. ನಾನು ಕೂಗುತ್ತೇನೆ. ಸಂತೆಯಲ್ಲಿ ಜನ ಚೀಲ ಎತ್ತಿಕೊಳ್ಳುತ್ತಾರೆ.